ನಿನ್ನ ಹೆಸರಿಗೆ ಬಂದ ರೊಟ್ಟಿ

ಕಾಲುವೆ ಕ್ಯಾಂಪ್, ಹುಣಸಗಿ
18 ಆಗಸ್ಟ್ 2023

ಮಗಳು ಮಾನಮ್ಮನಿಗೆ ನಿನ್ನ ಅಪ್ಪ ಹುಲಗಪ್ಪನ ಜೈ ಭೀಮ್ ಮತ್ತು ಆಶೀರ್ವಾದ.

ನಾವಿಬ್ಬರೂ ಆರಾಮ ಇದ್ದೇವೆ. ಯುಗಾದಿಗೆ ಬಂದು ಸಿಟ್ಟು ಮಾಡಿಕೊಂಡು ಹೋದವಳಿಗೆ ಐದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ತಪ್ಪು ನನ್ನದೇ. ನಾನು ಫೋನು ಮಾಡಿದರೆ ನೀನು ಕಟ್ ಮಾಡುತ್ತೀ. ಕಾಗದವನ್ನು ಹರಿದು ಹಾಕಿದರೂ, ಹರಿಯುವ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತವಲ್ಲ ಎಂದು ಬರೆಯಲು ಕೂತೆ. ಕಾಲುವೆಗೆ ನೀರು ಬಿಟ್ಟು ಮೂರು ವಾರವಾಯಿತು, ಭತ್ತದ ನಾಟಿ ಜೋರಾಗಿದೆ. ತುದಿಯ ಹೊಲದವರು ನೀರು ಬಂದಿಲ್ಲ ಎಂದು ದಿನಾ ನನ್ನ ತಲೆ ತಿನ್ನುತ್ತಾರೆ. ನಾನು ಕಾಯುವ ಕಾಲುವೆಯ ಗೇಟು ನನ್ನಪ್ಪನ ಮನೆಯದು ಎಂದುಕೊಂಡಿದ್ದಾರೆ.

ಭಾನುವಾರ ಮಧ್ಯಾಹ್ನ ನಿನ್ನ ಅವ್ವ ಫೋನಿನಲ್ಲಿ ಅತ್ತಾಗ ನೀನು ‘ಯಾಕ ಅಳಾಕತ್ತಿ ಯವ್ವಾ?’ ಎಂದು ಕೇಳಿದೆಯಂತೆ. ಸುಮ್ಮನೆ ನೆನಪಾಯಿತು ಎಂದಳಂತೆ ಅವಳು. ನಿನಗೆ ಹೆದರಿಕೆಯಾಗಬಾರದೆಂದು ಮುಚ್ಚಿಟ್ಟಳು. ನಾನು ಮುಚ್ಚಿಡುವುದಿಲ್ಲ, ಕೇಳು.

ಅವತ್ತು ಬೆಳಿಗ್ಗೆ ಎಂಟರ ಹೊತ್ತಿಗೆ ನಾನು ಗೇಟಿನಿಂದ ಬಂದು ಕಾಲು ತೊಳೆಯುತ್ತಿದ್ದೆ. ಅವ್ವ ಒಲೆ ಹಚ್ಚಲು ಕಟ್ಟಿಗೆ ಜೋಡಿಸುತ್ತಿದ್ದಳು. ಪಕ್ಕದ ಮನೆಯ ಮಸ್ತಾನಬಿ ಬುಟ್ಟಿಗೆ ಅರಿವೆ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು.

‘ಕರೆಮ್ಮಾ, ಒಲಿ ಹಚ್ಚಬ್ಯಾಡ ಇವತ್ತ. ನಾ ರೊಟ್ಟಿ ತಂದೀನಿ’ ಎಂದವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

ನಮ್ಮ ಕಡೆ ಈ ಮಾತಿಗೆ ಏನರ್ಥ ಎಂದು ನಿನಗೆ ಗೊತ್ತಿದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ರೊಟ್ಟಿ ತರುತ್ತಾರೆ. ನನಗೆ ಮೊದಲು ಹೊಳೆದದ್ದು ದೋರನಹಳ್ಳಿಯ ನಿನ್ನ ದೊಡ್ಡಪ್ಪ. ‘ನಮ್ಮಣ್ಣಗ ಏನಾತು?’ ಎಂದೆ. ಅವಳು ನನ್ನ ಮುಖ ನೋಡಿ, ‘ಅಯ್ಯ, ನಿಮಗ ಇನ್ನ ಗೊತ್ತಿಲ್ಲೇನ್ರಿ ಅಣ್ಣಾ? ಮಾನಮ್ಮನ ವಿಮಾನ...’ ಎಂದು ಅಲ್ಲೇ ಕುಸಿದು ಕೂತಳು.

ಅಷ್ಟರಲ್ಲಿ ಅಂಗಳ ತುಂಬಿತು. ಕಿರಾಣಿ ಅಂಗಡಿಯ ಸೂಗಪ್ಪ ತನ್ನ ಫೋನು ನನ್ನ ಕೈಗೆ ಕೊಟ್ಟ. ಹೊತ್ತಿ ಉರಿಯುವ ವಿಮಾನದ ಫೋಟೋ, ಕೆಳಗೆ ಕೆಂಪು ಅಕ್ಷರ: ‘ಹೈದರಾಬಾದಿನಿಂದ ಏರಿದ ವಿಮಾನ ಚೂರುಚೂರು! ಒಬ್ಬರೂ ಉಳಿದಿಲ್ಲ! ಗಗನಸಖಿಯರ ಕೊನೆಯ ಕೂಗು!’ ನಿನ್ನ ಅವ್ವ ಎದೆ ಬಡಿದುಕೊಳ್ಳುತ್ತ ನೆಲಕ್ಕೆ ಬಿದ್ದಳು.

ಊರಿಗೆಲ್ಲ ನೀನು ಹೈದರಾಬಾದಿನ ಗಗನಸಖಿ. ಹಾಗೆಂದು ಸಾರಿದವನು ನಾನು. ನಿನ್ನ ಅವ್ವನಿಗೂ ಅದನ್ನೇ ಹೇಳಿ, ನಿನ್ನ ಬಾಯಿಂದಲೂ ಹೇಳಿಸಿದೆ. ವಿಮಾನ ಇಳಿದ ಮೇಲೆ ಒಳಹೊಕ್ಕು ಕಸ ಗುಡಿಸಿ, ಸಂಡಾಸು ತೊಳೆಯುವ ಕೆಲಸ ನಿನ್ನದು ಎಂಬುದು ಈ ಊರಲ್ಲಿ ನನಗೊಬ್ಬನಿಗೇ ಗೊತ್ತು. ಹಾಗಾದರೆ ನಿನಗೇಕೆ ಹೆದರಿಕೆ ಅಪ್ಪಾ ಎನ್ನುತ್ತೀಯೇನೋ. ಆ ಸುದ್ದಿಯನ್ನು ಕೊನೆಯವರೆಗೆ ಓದಿದವನು ನಾನೊಬ್ಬನೇ. ಕಟ್ಟಕಡೆಗೆ ಸಣ್ಣದೊಂದು ಸಾಲಿತ್ತು: ‘ವಿಮಾನ ನಿಲ್ದಾಣದ ಮೇಲೆಯೇ ಬಿದ್ದು, ನೆಲದ ಮೇಲಿದ್ದ ಹನ್ನೊಂದು ಸ್ವಚ್ಛತಾ ಕೆಲಸಗಾರರೂ ಬೆಂಕಿಗೆ ಬಲಿ.’ ಅಂಗಳದ ಮಂದಿಯೆಲ್ಲ ಆಕಾಶದಲ್ಲಿದ್ದವಳಿಗಾಗಿ ಅಳುತ್ತಿದ್ದರು, ನಾನು ನೆಲದ ಮೇಲಿದ್ದವಳಿಗಾಗಿ ಒಳಗೊಳಗೇ ನಡುಗುತ್ತಿದ್ದೆ. ನಿನಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಡ್ಯೂಟಿಯ ಮೇಲೆ ಫೋನು ಒಯ್ಯಲು ಬಿಡುವುದಿಲ್ಲ ಎಂದು ನೀನೇ ಹೇಳಿದ್ದೆ, ಆದರೂ ಆ ಹೊತ್ತಿಗೆ ಬುದ್ಧಿ ಅಷ್ಟು ದೂರ ಹೋಗಲಿಲ್ಲ. ಟಿವಿ ನೋಡೋಣವೆಂದರೆ ಕ್ಯಾಂಪಿನಲ್ಲಿ ಕರೆಂಟಿಲ್ಲ.

ಮಸ್ತಾನಬಿಯ ತಮ್ಮ ನಸೀರುದ್ದೀನ ಸುರಪುರದ ಶಾಲೆಯಲ್ಲಿ ಮಾಸ್ತರ, ಸೂಟಿಯೆಂದು ಬಂದಿದ್ದ. ಪುಣ್ಯಾತ್ಮ, ಅವನೊಬ್ಬ ಅಳದೆ ಕೂತು ನೋಡಿದ. ‘ಸೂಗಪ್ಪಣ್ಣ, ಇದು ನಿನಗ ಯಾರು ಕಳಿಸ್ಯಾರ?’ ಎಂದ. ಶಹಾಪುರದ ಬೀಗರು ಎಂದ ಸೂಗಪ್ಪ. ಬೀಗರಿಗೆ ಕೇಳಿದರೆ ಯಾದಗಿರಿಯ ಯಾರೋ ಕಳಿಸಿದ್ದರಂತೆ. ಯಾದಗಿರಿಯವನು, ‘ಯಾರೋ ಹಾಕಿದ್ರು, ನಾನೂ ಮುಂದ ಹಾಕೀನಿ’ ಎಂದ. ಮೂವತ್ತು ವರ್ಷ ಕಾಲುವೆಯ ಮಟ್ಟ ನೋಡಿದವ ನಾನು, ಬಾಯಿಮಾತು ನಂಬಿ ರಿಜಿಸ್ಟರಿನಲ್ಲಿ ಒಂದು ಇಂಚು ನೀರು ಬರೆದವನಲ್ಲ. ಇವರೆಲ್ಲ ಸೇರಿ ನನ್ನ ಮಗಳ ಸಾವನ್ನೇ ಬರೆದುಬಿಟ್ಟಿದ್ದರು.

ನಸೀರುದ್ದೀನ ಫೋಟೋ ದೊಡ್ಡದು ಮಾಡಿದ. ‘ಇಲ್ಲಿ ನೋಡ್ರಿ, ಹಿಂದ ಗುಡ್ಡದ ಮ್ಯಾಲ ಬೆಳ್ಳಗ ಬರ್ಫ್ ಬಿದ್ದೈತಿ. ಹೈದರಾಬಾದಿನಾಗ ಬರ್ಫ್ ಎಲ್ಲಿಂದ ಬಂತ್ರಿ? ಫೋಟೋ ಅಂತೂ ಸುಳ್ಳು. ಸುದ್ದಿ ಖರೇನೋ ಸುಳ್ಳೋ ಇನ್ನ ಹೇಳಾಕ ಬರಂಗಿಲ್ಲ’ ಎಂದ.

ಆಮೇಲೆ ನಿನ್ನ ಕಂಪನಿಯ ನಂಬರು ಹುಡುಕಿ ನನ್ನ ಫೋನಿನಿಂದಲೇ ಹಚ್ಚಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ನನ್ನ ಕೈಗಿಟ್ಟ. ಅವನು ವಿಮಾನದ ವಿಷಯ ತೆಗೆಯುವಷ್ಟರಲ್ಲಿ ಅವ್ವ, ‘ಮೊದಲ ನನ್ನ ಮಗಳನ್ನ ಕೇಳೋ ತಮ್ಮಾ!’ ಎಂದು ಚೀರಿದಳು. ಅವನು ನಿನ್ನ ಹೆಸರು ಹೇಳಿದ. ವಿಮಾನದ ಸಿಬ್ಬಂದಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ ಎಂದಳು ಆ ಕಡೆಯ ಹುಡುಗಿ. ಅಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಹಚ್ಚಿದರೆ ಬರೀ ಎಂಗೇಜ್.

ಮಂದಿಗೆ ಅಷ್ಟೇ ಸಾಕಾಯಿತು. ‘ಆಕಿ ಆ ವಿಮಾನದಾಗ ಇದ್ದಿಲ್ಲ, ಉಳಕೊಂಡಾಳ!’ ಎಂದು ಕುಣಿದರು. ಮಸ್ತಾನಬಿ ತಾನೇ ನಮ್ಮ ಒಲೆ ಹಚ್ಚಿ ಚಹಾ ಮಾಡಿದಳು. ನಿನ್ನ ಹೆಸರಿಗೆ ಬಂದ ರೊಟ್ಟಿಯನ್ನು ಎಲ್ಲರೂ ನಗುತ್ತ ತಿಂದರು. ನನ್ನ ಪಾಲಿನ ರೊಟ್ಟಿಯನ್ನು ನಾನು ಬುಟ್ಟಿಗೇ ಹಿಂದಕ್ಕಿಟ್ಟೆ. ಹನ್ನೊಂದು ಮಂದಿ, ಹನ್ನೊಂದು ಮಂದಿ ಎಂದು ತಲೆಯಲ್ಲಿ ಒಂದೇ ಸಮ ಬಡಿಯುತ್ತಿತ್ತು.

ಗೇಟು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಹೊರಬಿದ್ದೆ. ಕಾಲುವೆಯ ಏರಿಯ ಮೇಲೆ ನಿಂತು ಅದೇ ನಂಬರಿಗೆ ಎಷ್ಟು ಸಲ ಹಚ್ಚಿದೆನೋ ನೆನಪಿಲ್ಲ. ಒಂದೂವರೆಗೆ ಒಬ್ಬ ಗಂಡಸು ಎತ್ತಿದ. ನನ್ನ ಹರಕು ಹಿಂದಿಯಲ್ಲಿ, ‘ಮೇರಿ ಬೇಟಿ ಜಹಾಜ್ ಸಾಫ್ ಕರ್ತೀ ಸಾಬ್, ಜಿಂದಾ ಹೈ ಕ್ಯಾ?’ ಎಂದೆ. ಅವನಿಗೆ ಕೇಳಿಸಲಿಲ್ಲ, ನನ್ನ ಮಗಳು ವಿಮಾನ ತೊಳೆಯುವವಳು, ಜೀವಂತ ಇದ್ದಾಳೇನು ಎಂದು ಮತ್ತೆ ಒದರಿ ಕೇಳಿದೆ. ಅವನು ಸಮಾಧಾನದಿಂದ, ‘ಚಾಚಾ, ಇಲ್ಲಿ ಯಾವ ವಿಮಾನವೂ ಬಿದ್ದಿಲ್ಲ, ಬೆಂಕಿಯೂ ಇಲ್ಲ. ಗುಡಿಸಿ ತೊಳೆಯುವ ಸಫಾಯಿಯವರೆಲ್ಲ ಈಗಷ್ಟೇ ಊಟಕ್ಕೆ ಹೋದರು’ ಎಂದ. ನಾನು ಏರಿಯ ಮೇಲೆ ಕೂತು ದೊಡ್ಡ ದನಿ ತೆಗೆದು ಅತ್ತೆ. ನಾಟಿಯ ಹೆಂಗಸರು ಕೆಲಸ ಬಿಟ್ಟು ನೋಡಿದರು. ನೋಡಲಿ ಬಿಡು ಎನಿಸಿತು.

ಯುಗಾದಿಯ ದಿನ ನೀನು ಕೇಳಿದ್ದೆ, ‘ನಾ ದುಡದು ತಿನ್ನಾಕತ್ತೀನಿ ಅಪ್ಪಾ, ಅದನ್ನ ಹೇಳಾಕ ನಿನಗ ಯಾಕ ನಾಚಿಕಿ?’ ಎಂದು. ಅವತ್ತು ಕೈ ಎತ್ತಿದೆ, ಉತ್ತರ ಕೊಡಲಿಲ್ಲ. ನಿನ್ನ ಮುತ್ಯಾ, ನನ್ನಪ್ಪ, ದೋರನಹಳ್ಳಿಯ ಸಾಹುಕಾರರ ದನದ ಕೊಟ್ಟಿಗೆ ಗುಡಿಸುತ್ತಿದ್ದ. ನನ್ನ ಮಕ್ಕಳ ಕೈಗೆ ಕಸಬರಿಗೆ ಬರಬಾರದು ಎಂದು ಉಪವಾಸ ಬಿದ್ದು ನನ್ನನ್ನು ಓದಿಸಿದ. ನಿನ್ನ ಕೆಲಸ ಕೇಳಿದಾಗ ಅವನ ಮುಖ ಕಣ್ಣ ಮುಂದೆ ಬಂತು, ಬಾಯಿಗೆ ಸುಳ್ಳು ಬಂತು. ಇದು ಉತ್ತರವಲ್ಲ, ನನಗೆ ಗೊತ್ತು. ಆದರೆ ಇರುವುದು ಇಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ಕೈಗೆ ಗವಸು ಹಾಕಿಕೊಳ್ಳದೆ ಆ ಔಷಧದ ನೀರು ಮುಟ್ಟಬೇಡ. ನೂರು ವರ್ಷ ಬಾಳು, ನನ್ನ ಆಯುಷ್ಯದ್ದೂ ಸೇರಿಸಿಕೊಂಡು ಬಾಳು ತಾಯಿ.

ನಿನ್ನ ಅಪ್ಪ,
ಹುಲಗಪ್ಪ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಲೈನು ತಾನಾಗಿ ಕಡಿಯಲಿಲ್ಲ. ಸಿಬ್ಬಂದಿಯಲ್ಲಿ ಆ ಹೆಸರಿಲ್ಲ ಎಂದ ಹುಡುಗಿ, ‘ಒಂದು ನಿಮಿಷ ಇರಿ, ಸಫಾಯಿ...’ ಎನ್ನತೊಡಗಿದ್ದಳು. ಸುತ್ತ ಊರಿನ ಮಂದಿ ಕಿವಿಗೊಟ್ಟು ಕೂತಿದ್ದರು. ಆ ಮಾತು ಪೂರ್ತಿಯಾಗುವ ಮೊದಲೇ ನಾನು ಹೆಬ್ಬೆರಳು ಒತ್ತಿ ಕಟ್ ಮಾಡಿದೆ. ನೀನು ಸತ್ತಿರಬಹುದು ಎಂದು ಗೊತ್ತಿದ್ದೂ ಕಟ್ ಮಾಡಿದೆ, ಮಾನಮ್ಮಾ. ನಿನಗೆ ಬರೆದೆ. ನಿನ್ನ ಅವ್ವನಿಗೆ ಹೇಳಲು ಇನ್ನೂ ಹೆದರಿಕೆಯಾಗುತ್ತದೆ.