ಹೊಟ್ಟಿಲ್ಲದ ಗಿರಣಿ

ನೌಬಾದ, ಬೀದರ
೧೩ ಜನವರಿ ೨೦೨೫, ಸೋಮವಾರ

ಖಾಲಿದ ಅವರಿಗೆ ಮುಸರ್ರತಳ ಸಲಾಂ.

ಸೊಂಟದ ನೋವು ಹೇಗಿದೆ? ದಮ್ಮಾಮಿನಲ್ಲಿ ಥಂಡಿಯಂತೆ, ಸ್ವೆಟರ್ ಪೆಟ್ಟಿಗೆಯಲ್ಲೇ ಇಟ್ಟಿದ್ದೀರೋ ಏನೋ. ಗುಡಿಯಾಳ ಕೆಮ್ಮು ಇಳಿದಿದೆ. ಅಬ್ಬಾ ಬರುತ್ತಾರೆಂದು ಓಣಿಗೆಲ್ಲ ಸಾರಿಕೊಂಡು ತಿರುಗುತ್ತಿದ್ದಾಳೆ. ಫೋನಿನಲ್ಲಿ ನಿಮ್ಮ ಅಣ್ಣನ ಮಾತೆತ್ತಿದರೆ ನೀವು ಕೇಳಿಸಿಕೊಳ್ಳುವುದೇ ಇಲ್ಲ. ಅದಕ್ಕೇ ಬರೆದು ಫೋಟೊ ಕಳಿಸುತ್ತಿದ್ದೇನೆ, ಪೂರ್ತಿ ಓದಿ.

ಕರೆಂಟಿನ ಕಚೇರಿಯಲ್ಲಿ ನನ್ನ ಕೆಲಸ ಗೊತ್ತಲ್ಲ, ಯಾವ ತಾಲೂಕಿನ ಗಿರಣಿ, ಕಾರ್ಖಾನೆಗಳು ಎಷ್ಟು ಯೂನಿಟ್ ಉರಿಸಿದವೆಂದು ಪಟ್ಟಿ ಮಾಡುವುದು. ಯೂನಿಟ್ ಏರಿದರೆ ವ್ಯಾಪಾರ ಏರಿದ ಹಾಗೆ ಅನ್ನುತ್ತಾರೆ ಸಾಹೇಬರು. ಈ ಸಲ ಔರಾದ ಇಳಿದಿತ್ತು, ಭಾಲ್ಕಿ ಏರಿತ್ತು. ಅದರಲ್ಲೂ ನಿಮ್ಮ ಅಬ್ಬಾ ಇಬ್ಬರು ಮಕ್ಕಳಿಗೂ ಸಮನಾಗಿ ಬಿಟ್ಟುಹೋದ ಬೇಳೆ ಗಿರಣಿಯದು ಮೂರೇ ತಿಂಗಳಲ್ಲಿ ಒಂದೂವರೆ ಪಟ್ಟು. ಗಿರಣಿ ಎದ್ದಿದೆ, ನೌಕರಿ ಬಿಟ್ಟು ಬಂದುಬಿಡಿ ಎಂದು ಕುಣಿಯುತ್ತ ಹೇಳಿದವಳು ನಾನೇ.

ನಿನ್ನೆ ನಮ್ಮ ಆಡಿಗೆ ಒಂದು ಚೀಲ ಹೊಟ್ಟು ತರೋಣವೆಂದು ಭಾಲ್ಕಿಯ ಗಿರಣಿಗೆ ಹೋದೆ. ಮಷಿನಿನ ಸದ್ದು ರಸ್ತೆಗೇ ಕೇಳುತ್ತಿತ್ತು. ಒಳಗೆ, ತೊಗರಿ ಒಡೆದಾಗ ಬೀಳುವ ಹೊಟ್ಟಿನ ರಾಶಿ ಇರಬೇಕಾದಲ್ಲಿ ಬರೀ ನೆಲ, ಅದೂ ತೊಗರಿಯ ಸುಗ್ಗಿಯಲ್ಲಿ. ಬೇಳೆ ಹಸನು ಮಾಡುವ ಶಾಂತಾಬಾಯಿ ಕೈಕಟ್ಟಿ ಕೂತಿದ್ದಳು. "ಎಲ್ಲಿ ತೊಗರಿರಿ ಬೀಬಿ? ದಸರಾದಿಂದ ಒಂದ್ ಕಾಳ ಬಂದಿಲ್ಲರಿ. ಶುಕ್ರವಾರ ಹೈದರಾಬಾದಿನವ್ರು ಗಿರಣಿ ಖರೀದಿಗಿ ಬರ್ತಾರಂತ. ಕರೆಂಟ್ ಎಷ್ಟು ಉರದದ ಅಂತ ನೋಡಿ ರೇಟ್ ಕಟ್ಟತಾರಂತರಿ. ಅದಕ್ಕ ಖಾಲಿ ಮಷಿನ್ ಓಡಸ್ಲಿಕ್ಕತ್ಯಾರ." ಖಾಲಿ ಮೋಟಾರು ಕರೆಂಟು ಕಡಿಮೆ ಎಳೆಯುತ್ತದಲ್ಲ, ಅದಕ್ಕೆ ಹಗಲೂ ರಾತ್ರಿ ಓಡಿಸುತ್ತಾರೆ. ನಿಮ್ಮ ಅಣ್ಣ ಬದ್ರೋದ್ದೀನ ಭಾಯಿ ಏನೂ ಆಗದವರಂತೆ ನನಗೆ ಚಹಾ ತರಿಸಿ, ಧಂದೆ ಜೋರದ ಅಂದರು.

ಪರದೇಶಕ್ಕೆ ಹೋಗುವಾಗ ನೀವು ಕಣ್ಣು ಮುಚ್ಚಿ ಬರೆದುಕೊಟ್ಟ ಮುಖ್ತಾರಪತ್ರ ಅವರ ಹತ್ತಿರ ಇದೆ. ನಿಮ್ಮ ಪಾಲನ್ನೂ ಮಾರಲು ನಿಮ್ಮ ಸಹಿ ಬೇಕಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಆದರೂ ಅವರಿಗಿಂತ ನನ್ನ ಮೇಲೇ ನನಗೆ ಸಿಟ್ಟು. ಬಸ್ಸಿನಲ್ಲಿ ತಾಸಿನ ಹಾದಿ, ನಾನು ಪಟ್ಟಿಯಲ್ಲೇ ಗಿರಣಿ ನೋಡುತ್ತ ಕೂತೆ.

ಅಮ್ಮಿಯ ದುವಾ ನಿಮ್ಮ ಮೇಲಿದೆ. ಅವರಿಗೆ ಇದನ್ನೆಲ್ಲ ಹೇಳಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಮುಸರ್ರತ

ತಾ.ಕ.: ರಾಜೀನಾಮೆ ಕೊಟ್ಟಿದ್ದರೆ ಇವತ್ತೇ ವಾಪಸ್ ತಗೊಳ್ಳಿ. ಮುಖ್ತಾರಪತ್ರ ರದ್ದು ಮಾಡಿಸಿ. ಇನ್ನೊಂದು ಮಾತು ಬರೆಯಲು ಇಷ್ಟು ಹೊತ್ತು ಕೈ ಬರಲಿಲ್ಲ: ಕೊಳ್ಳುವವರಿಗೆ ತೋರಿಸುವ ಯೂನಿಟ್ ಪಟ್ಟಿ ನನ್ನ ಅಕ್ಷರದ್ದು. ಹೋದ ವಾರ ಭಾಯಿ ಕೇಳಿದರು, ಖುಷಿಯಿಂದ ಸಹಿ ಹಾಕಿ ಕೊಟ್ಟೆ. ಶುಕ್ರವಾರ ಖಾಲಿ ಚೀಲ ಹಿಡಿದುಕೊಂಡು ಹೋಗುತ್ತೇನೆ. ಹೈದರಾಬಾದಿನವರ ಎದುರಿಗೇ ಭಾಯಿಗೆ ಒಂದು ಚೀಲ ಹೊಟ್ಟು ಕೇಳುತ್ತೇನೆ.