ಮೂರನೆಯ ಬೇಟೆಗಾರ

ಮಾರ್ಚ್ ೪, ಸೋಮವಾರ

ಪ್ರೀತಿಯ ಗುಬ್ಬಿ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಕೆಮ್ಮು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ?

ಮ್ಯೂಸಿಯಂನಲ್ಲಿ ನನ್ನ ಗೋಡೆಯ ಮುಂದೆ ಮತ್ತೆ ಅಟ್ಟಣಿಗೆ ಕಟ್ಟಿದ್ದಾರೆ. ನೀನು ಹುಟ್ಟುವ ಮೊದಲು ನಾನು ಬರೆದ ಚಿತ್ರ ಅದು: ಕೆಸರಿನಲ್ಲಿ ಹೂತ ಮ್ಯಾಮತ್, ಹಿಮಯುಗದ ಆ ಕೂದಲಾನೆ, ಅದರ ಸುತ್ತ ಈಟಿ ಹಿಡಿದ ಮೂವರು ಬೇಟೆಗಾರರು. ಹೋದ ತಿಂಗಳು ನೀನೂ ಇರುವ ತಜ್ಞರ ಸಮಿತಿ ಬಂದು ನೋಡಿ ಹೋಯಿತಲ್ಲ, ಆಮೇಲೆ ನಿರ್ದೇಶಕರು ನನ್ನನ್ನು ಕರೆದು, "ಬೇಟೆಗಾರರನ್ನ ತೆಗೆದುಬಿಡಿ ಮೇಡಂ. ಆ ಜಾಗದಲ್ಲಿ ಕರಗೋ ಹಿಮ ಬರೀರಿ. ಆ ಪ್ರಾಣಿ ಕುಲಾನೇ ಅಳಿದಿದ್ದು ಹವಾಮಾನದಿಂದ ಅಂತ ನಿಮ್ಮ ಮಗಳೇ ಹೇಳಿದಾರಲ್ಲ," ಎಂದರು. ನಗುತ್ತಾ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ನಿನ್ನ ವಾದ ನನಗೆ ಗೊತ್ತು. ಯಾವ ಕಾಲಕ್ಕೆ ಯಾವ ಹುಲ್ಲಿತ್ತೆಂದು ತಿಳಿಯಲು ಕೆರೆಯ ತಳದ ಕೆಸರಿನಲ್ಲಿ ಹಳೆಯ ಪರಾಗ ಹುಡುಕಿದವಳು ನೀನು. ಚಳಿ ಕಡಿಮೆಯಾಯಿತು, ಮೇವಿನ ಹುಲ್ಲು ಹೋಯಿತು, ಈಟಿಯ ಗಾಯವಿರುವ ಮೂಳೆ ಸಿಕ್ಕಿದ್ದೇ ಬೆರಳೆಣಿಕೆಯಷ್ಟು. ಸರಿ. ಆದರೆ ಅದಕ್ಕೆ ಮುಂಚೆಯೂ ಎಷ್ಟೋ ಸಲ ಹಿಮ ಕರಗಿತ್ತಲ್ಲ? ಆಗೆಲ್ಲ ಬದುಕಿಕೊಂಡ ಪ್ರಾಣಿ, ಮನುಷ್ಯ ಈಟಿ ಹಿಡಿದು ಬಂದ ಸಲವೇ ಯಾಕೆ ಅಳಿಯಿತು? ಇದನ್ನು ಕೇಳಿದರೆ ನಿರ್ದೇಶಕರು, "ಎರಡೂ ಇರಬಹುದು, ರೋಗಾನೂ ಇರಬಹುದು," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಎರಡೂ ಇರಬಹುದಾದರೆ ಮನುಷ್ಯನನ್ನು ಮಾತ್ರ ಒರೆಸುವುದು ಯಾವ ನ್ಯಾಯ?

ತಪ್ಪನ್ನು ಹವೆಯ ಮೇಲೆ ಹಾಕುವುದು ಸುಲಭ, ಗುಬ್ಬಿ. ಅದು ಎದುರು ಮಾತಾಡುವುದಿಲ್ಲ. ಇಲ್ಲೇ ಬಡಗಿಯಾಗಿದ್ದ ನಿನ್ನಪ್ಪ ಹೊರಗೋಡೆಯ ಅಟ್ಟಣಿಗೆಯಿಂದ ಬಿದ್ದು ಸತ್ತಾಗಲೂ ಇವರು, "ಮಳೆಗೆ ಹಲಗೆ ಜಾರ್ತು, ಏನ್ ಮಾಡೋಕಾಗತ್ತೆ?" ಎಂದರು. ಸೊಂಟಕ್ಕೆ ಹಗ್ಗ ಕೊಡದೆ ಹತ್ತಿಸಿದವರ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಆಗ ನಿನಗೆ ಆರು ವರ್ಷ. ನನ್ನ ಬೆರಳು ಹಿಡಿದು, "ಮಳೆ ಕೆಟ್ಟದ್ದಾ ಅಮ್ಮಾ?" ಎಂದು ಕೇಳಿದ್ದೆ. ಅಲ್ಲ ಎಂದಿದ್ದೆ ನಾನು. ಅಷ್ಟೆಲ್ಲ ಓದಿ ಕೊನೆಗೆ ನೀನೂ ಮಳೆಯ ಮೇಲೇ ಹಾಕಿದೆ.

ಇಬ್ಬರು ಬೇಟೆಗಾರರ ಮೇಲೆ ಹಿಮ ಬಳಿದಾಯಿತು. ಹೊಟ್ಟೆಪಾಡು, ಬಳಿದೆ. ಮೂರನೆಯವನ ಹತ್ತಿರ ಬಂದರೆ ಕೈ ಏಳುತ್ತಿಲ್ಲ. "ಶುಕ್ರವಾರದೊಳಗೆ ಮುಗಿಸದಿದ್ರೆ ಸುಣ್ಣ ಬಳಿಯೋರನ್ನ ಕರೆಸ್ತೀನಿ," ಎಂದಿದ್ದಾರೆ ನಿರ್ದೇಶಕರು. ನೀನು ಒಂದು ಸಾಲು ಬರೆದರೆ ನಿಲ್ಲಿಸುತ್ತಾರೆ.

ಸಿಟ್ಟು ಬೇರೆ, ಮಗಳು ಬೇರೆ. ಎಲ್ಲಿದ್ದರೂ ತಣ್ಣಗಿರು, ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ
ಅಮ್ಮ

ತಾ.ಕ.: ಆ ಮೂರನೆಯವನ ಮುಖ ನಿನ್ನಪ್ಪನದು. ಮದುವೆಯಾದ ಹೊಸತರಲ್ಲಿ ಪೊರಕೆಕೋಲನ್ನೇ ಈಟಿ ಮಾಡಿಕೊಂಡು, ನಗು ತಡೆದುಕೊಂಡು ನನ್ನೆದುರು ನಿಂತಿದ್ದರು. ಆ ನಗು ಬಾಯಿಯ ಮೂಲೆಯಲ್ಲಿ ಈಗಲೂ ಕಾಣುತ್ತದೆ. ಸಮಿತಿಯ ಜೊತೆ ಬಂದ ದಿನ ನೀನು ಅದೇ ಮುಖಕ್ಕೆ ಬೆರಳು ತೋರಿಸಿ, "ಮೊದಲು ಇವನನ್ನ ತೆಗೀಬೇಕು," ಎಂದೆಯಂತೆ. ಬಾಗಿಲ ಕಾವಲಿನವನು ಹೇಳಿದ. ನಿನಗೆ ಗುರುತೇ ಸಿಗಲಿಲ್ಲವೋ, ಸಿಕ್ಕಿಯೂ ಹಾಗೆಂದೆಯೋ? ಯಾವುದೆಂದು ಬರೆ. ಎರಡೂ ಇರಬಹುದು ಎಂದು ಮಾತ್ರ ಬರೆಯಬೇಡ.