ಎಂಬತ್ತೈದು ಸೈಕಲ್ ಅಂತರ

ಮನೆ, ಹಿಂಬದಿ ಕೋಣೆ
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ದ್ವೀಪದ ಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಯಿತೇ? ನಿಮ್ಮ ಹವಾಮಾನ ಕಚೇರಿಯ ಅಡುಗೆಯವನು ಈಗಲೂ ಉಪ್ಪು ಹಾಕುವುದನ್ನು ಮರೆಯುತ್ತಾನೆಯೇ? ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಾನೂ ಚೆನ್ನಾಗಿದ್ದೇನೆ, ಸಿಟ್ಟೊಂದನ್ನು ಬಿಟ್ಟರೆ.

ಸಿಟ್ಟು ನಿನ್ನ ಮೇಲೆಯೇ. "ನನ್ನ ರೇಡಿಯೋವನ್ನೂ ಟೆಲಿಪ್ರಿಂಟರನ್ನೂ ಹವ್ಯಾಸಿ ರೇಡಿಯೋ ಕ್ಲಬ್ಬಿನ ಕಾರ್ಯದರ್ಶಿಗೆ ಒಪ್ಪಿಸಿಬಿಡು, ನೀನು ಕೈಯಾಡಿಸಿ ಕೆಡಿಸುತ್ತೀಯ" ಎಂದು ಬರೆದಿದ್ದೀಯಲ್ಲ, ಓದಿ ಮೈಯೆಲ್ಲ ಉರಿಯಿತು. ನೀನು ಹೋದ ಈ ಎರಡು ವರ್ಷ ಅದರ ಧೂಳು ಒರೆಸಿದವಳು ಯಾರು, ರಿಬ್ಬನ್ ಬದಲಾಯಿಸಿದವಳು ಯಾರು? ಮುದ್ರಣಾಲಯದಲ್ಲಿ ದಿನವಿಡೀ ಕರಡು ತಿದ್ದಿ ಬಂದು ಸಂಜೆ ಅದರ ಮುಂದೆ ಕೂರುವವಳೂ ನಾನೇ.

ನಾನು ಏನು ಕೆಡಿಸಿದೆನೆಂದು ಅಮ್ಮನಿಗೆ ಬಿಡಿಸಿ ಹೇಳಿದ ಹಾಗೆಯೇ ನಿನಗೂ ಹೇಳುತ್ತೇನೆ. ಅಕ್ಷರಗಳು ಎರಡು ಸ್ವರಗಳಾಗಿ ಗಾಳಿಯಲ್ಲಿ ಬರುತ್ತವೆ, ಯಂತ್ರ ಕೇಳಿ ಅಚ್ಚು ಹಾಕುತ್ತದೆ. ಆ ಎರಡು ಸ್ವರಗಳ ನಡುವೆ ಎಂಟುನೂರ ಐವತ್ತು ಸೈಕಲ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ, ಅಂತರ ಇರಲೇಬೇಕೆಂದು ನಿಮ್ಮ ಕ್ಲಬ್ಬಿನವರ ಹಟ. ಅಮ್ಮ ಕೇಳಿದಳು, "ಅಷ್ಟು ದೂರ ದೂರ ನಿಂತ್ಕೊಂಡು ಯಾಕೆ ಕೂಗಾಡ್ಬೇಕು? ಹತ್ರ ನಿಂತು ಮಾತಾಡಿದ್ರೆ ಆಗಲ್ವಾ?" ನಾನೂ ಅದನ್ನೇ ಕೇಳಿದಾಗ ಕಾರ್ಯದರ್ಶಿ ನಕ್ಕು, "ಇದೆಲ್ಲ ನಿಮಗ್ಯಾಕಮ್ಮ?" ಎಂದಿದ್ದರು. ಪಕ್ಕದ ಊರಿನ ಔಷಧಿ ಅಂಗಡಿಯವರು ನಗಲಿಲ್ಲ. ಅವರಿಗೆ ರೇಡಿಯೋದಲ್ಲಿ ಸಂದೇಶ ಕಳಿಸುವ ಲೈಸೆನ್ಸ್ ಇದೆ. ಒಂದೇ ಪುಟವನ್ನು ಒಮ್ಮೆ ಅಗಲದ ಅಂತರದಲ್ಲಿ, ಒಮ್ಮೆ ನೂರ ಎಪ್ಪತ್ತರಲ್ಲಿ ಕಳಿಸಿದರು. ಎರಡನ್ನೂ ಕೆಂಪು ಪೆನ್ಸಿಲ್ ಹಿಡಿದು ಕರಡಿನಂತೆ ತಿದ್ದಿದೆ. ಅಗಲದ್ದರಲ್ಲಿ ನಲವತ್ತೊಂದು ತಪ್ಪು, ಕಿರಿದರಲ್ಲಿ ಆರು. ಬಾಗಿಲು ಕಿರಿದಾದರೆ ಗದ್ದಲವೂ ಕಡಿಮೆ ನುಗ್ಗುತ್ತದೆ, ಅಷ್ಟೇ.

ಎಂಬತ್ತೈದಕ್ಕೆ ಇಳಿಸಿದಾಗ ಮಾತ್ರ, ತೀರಾ ಕಿರಿದಾದರೆ ಎಲ್ಲ ಕಲಸಿಹೋಗುತ್ತದೆಂದು ನೀನು ಹೇಳುತ್ತಿದ್ದಂತೆಯೇ ಆಯಿತು, ಒಪ್ಪುತ್ತೇನೆ. ಪುಟವೆಲ್ಲ ಕಲಸುಮೇಲೋಗರ. ಮೂರು ದಿನ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ, ಅಮ್ಮ ಕೋಣೆಯ ಬಾಗಿಲು ತೆಗೆದಾಗಲೆಲ್ಲ ತಣ್ಣನೆಯ ಗಾಳಿ ತಗುಲಿ ರೇಡಿಯೋ ಹಿಡಿದ ಸ್ವರ ಕೂದಲೆಳೆಯಷ್ಟು ಜಾರುತ್ತಿತ್ತು. ಇಷ್ಟು ಕಿರಿದಾದ ಮೇಲೆ ಕೂದಲೆಳೆಯೂ ದೊಡ್ಡದೇ. ನಿನ್ನ ಹಳೆಯ ಉಣ್ಣೆ ಸ್ವೆಟರನ್ನು ಕತ್ತರಿಸಿ, ಸ್ವರ ಹಿಡಿಯುವ ಆ ಪುಟ್ಟ ಡಬ್ಬಿಗೆ ಹೊದಿಸಿದೆ. ಬೇಜಾರು ಮಾಡಿಕೊಳ್ಳಬೇಡ, ತೋಳು ಹೇಗೂ ಹರಿದಿತ್ತು. ಅಮ್ಮ ಈಗ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಯಾರನ್ನೂ ಒಳಗೆ ಬಿಡದೆ ಕಾಯುತ್ತಾಳೆ. ನಿನ್ನೆಯ ಪುಟದಲ್ಲಿ ಎರಡೇ ತಪ್ಪು. ಅದರಲ್ಲಿ ಒಂದು ಔಷಧಿ ಅಂಗಡಿಯವರೇ ಟೈಪು ಮಾಡುವಾಗ ಮಾಡಿದ್ದು.

ಇದಕ್ಕೆ ಕೆಡಿಸುವುದು ಎನ್ನುವುದಾದರೆ ಇನ್ನೂ ಕೆಡಿಸುತ್ತೇನೆ. ನೀನು ಕೂರಿಸಿಕೊಂಡು ಕಲಿಸಲಿಲ್ಲ, ನಿನ್ನ ಬೆನ್ನ ಹಿಂದೆ ನಿಂತು ನೋಡಿ ಕಲಿತೆ. ನನಗೆ ನೋವಾಗಿದೆ ಅಣ್ಣಾ, ಮುಚ್ಚಿಡುವುದಿಲ್ಲ. ಆದರೆ ಅತ್ತು ಸುಮ್ಮನಾಗುವವಳು ನಾನಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಟೋಪಿ ಹಾಕಿಕೊಳ್ಳದೆ ಹೊರಗೆ ಹೋಗಬೇಡವಂತೆ.

ನಿನ್ನ ತಂಗಿ,
ಮೊಂಡಿ

ವಿ.ಸೂ.: ಅಂಚೆಯವನು ಅವಸರ ಮಾಡುತ್ತಿದ್ದಾನೆ. ಬೆಳಿಗ್ಗೆ ಕಾರ್ಯದರ್ಶಿ ನಿನ್ನ ಮಾತು ಹಿಡಿದುಕೊಂಡು, ಇಬ್ಬರನ್ನು ಕರೆದುಕೊಂಡು ಯಂತ್ರ ಒಯ್ಯಲು ಬಂದಿದ್ದರು. ಬರಿಗೈಲಿ ಕಳಿಸಿದೆ. ನನಗೂ ಲೈಸೆನ್ಸ್ ಬಂದಿದೆ, ನನ್ನದೇ ಹೆಸರಿನಲ್ಲಿ. ಬರುವ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ, ಎಂಬತ್ತೈದರ ಅಂತರದಲ್ಲಿ ನಾನೇ ನಿನಗೆ ಕಳಿಸುತ್ತೇನೆ. ನಿಮ್ಮ ಕಚೇರಿಯ ಯಂತ್ರವನ್ನು ಅದಕ್ಕೆ ಹೊಂದಿಸಿಕೊಂಡು ಕೂರು. ತಪ್ಪಿಲ್ಲದೆ ಅಚ್ಚಾದರೆ ಬರೆ. ತಪ್ಪು ಬಂದರೂ ಬರೆ, ಎಷ್ಟು ಎಂದು. ಯಂತ್ರವಂತೂ ಇಲ್ಲಿಂದ ಕದಲುವುದಿಲ್ಲ.